ಉಕ್ಕಿನ ಕಂಪನಿಯ ಹಣ, ಊರಿನ ಹುಡುಗರ ಆಟ

ಮಾನ್ಯರೇ,

ಏಷ್ಯಾದ ಫುಟ್‌ಬಾಲ್ ಕ್ಲಬ್ಬುಗಳ ಕುರಿತು ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನದಲ್ಲಿ ದಕ್ಷಿಣ ಕೊರಿಯಾದ ಪೋಹಾಂಗ್ ಸ್ಟೀಲರ್ಸ್ ತಂಡವನ್ನು ಖಂಡದ ಅಗ್ರಗಣ್ಯ ಕ್ಲಬ್ಬುಗಳ ಸಾಲಿಗೆ ಸೇರಿಸಿದ್ದನ್ನು ಆಕ್ಷೇಪಿಸಿ ಗದಗ ಜಿಲ್ಲೆಯಿಂದ ತಾವು ಬರೆದ ಪತ್ರ ತಲುಪಿದೆ. ಹಳ್ಳಿಗುಡಿಯ ಜಮೀನಿಗಾಗಿ ಬಂದಿದ್ದ ಪೋಸ್ಕೊ ಕಂಪನಿಯದೇ ಈ ತಂಡವೆಂದೂ, ಕಂಪನಿಯ ದುಡ್ಡಿನಲ್ಲಿ ಆಟಗಾರರನ್ನು ಕೊಂಡುತಂದು ಗೆದ್ದ ಕಪ್ಪುಗಳನ್ನು ಜಾಹೀರಾತು ಎನ್ನಬಹುದೇ ಹೊರತು ಸಾಧನೆ ಎನ್ನಲಾಗದೆಂದೂ ತಾವು ವಾದಿಸಿದ್ದೀರಿ. ಜೊತೆಗೆ, ನಮ್ಮ ಬೆಂಗಳೂರು ಎಫ್‌ಸಿಯೂ ಉಕ್ಕಿನ ಕಂಪನಿಯದೇ ಅಲ್ಲವೇ ಎಂದು ಕೇಳಿ, ಪೋಹಾಂಗ್ ತಂಡದ ಇಂದಿನ ಸ್ಥಿತಿಯನ್ನೂ ವಿಚಾರಿಸಿದ್ದೀರಿ. ಪತ್ರದ ಗಾಂಭೀರ್ಯಕ್ಕೆ ತಕ್ಕಂತೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತಿದ್ದೇವೆ.

ಕಂಪನಿಯ ವಿಚಾರದಲ್ಲಿ ತಾವು ಹೇಳಿರುವುದು ನಿಜ. ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯಲ್ಲಿ ಉಕ್ಕಿನ ಕಾರ್ಖಾನೆ ಸ್ಥಾಪಿಸಲು ಮುಂದಾಗಿ, ರೈತರ ಹಾಗೂ ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರ ವಿರೋಧದ ಮುಂದೆ 2011ರಲ್ಲಿ ಭೂಸ್ವಾಧೀನ ನಿಂತ ಮೇಲೆ 2013ರಲ್ಲಿ ಯೋಜನೆಯನ್ನೇ ಕೈಬಿಟ್ಟ ಪೋಸ್ಕೊ ಕಂಪನಿಯೇ ಈ ಕ್ಲಬ್ಬಿನ ಒಡೆಯ. ಆ ಹೋರಾಟದ ಬಗ್ಗೆ ತಮಗಿರುವ ಅಭಿಮಾನವನ್ನು ನಾವು ಗೌರವಿಸುತ್ತೇವೆ. ಆದರೆ ಕ್ಲಬ್ಬಿನ ಕಪ್ಪುಗಳೆಲ್ಲ ಕಂಪನಿಯ ಹಣದಿಂದಲೇ ಬಂದವು ಎಂಬ ತೀರ್ಮಾನವನ್ನು ಅದರ ಐವತ್ತು ವರ್ಷಗಳ ದಾಖಲೆ ಪೂರ್ತಿಯಾಗಿ ಒಪ್ಪುವುದಿಲ್ಲ. ಮೊದಲ ಭಾಗದಲ್ಲಿ ಒಪ್ಪುತ್ತದೆ, ನಂತರದ ಭಾಗದಲ್ಲಿ ಒಪ್ಪುವುದಿಲ್ಲ ಎಂಬುದು ನಮ್ಮ ಓದು.

ಕೊರಿಯಾದ ಪೂರ್ವ ಕರಾವಳಿಯ ಪೋಹಾಂಗ್‌ನಲ್ಲಿ 1968ರಲ್ಲಿ ಇದೇ ಪೋಸ್ಕೊ, ಸರ್ಕಾರಿ ಉಕ್ಕಿನ ಕಂಪನಿಯಾಗಿ ಆರಂಭವಾಯಿತು. ಅದಕ್ಕೆ ಬೇಕಾದ ಬಂಡವಾಳದ ಬಹುಪಾಲು ಬಂದದ್ದು 1965ರ ಒಪ್ಪಂದದ ಪ್ರಕಾರ ಜಪಾನ್ ಕೊಟ್ಟ ಹಣದಿಂದ. ಮಾಜಿ ಸೇನಾಧಿಕಾರಿ ಪಾರ್ಕ್ ತೇ-ಜೂನ್ ಅದರ ಮುಖ್ಯಸ್ಥರಾಗಿದ್ದರು. 1973ರ ಜೂನ್‌ನಲ್ಲಿ ಊದುಕುಲುಮೆಯಿಂದ ಮೊದಲ ಕಬ್ಬಿಣ ಹರಿಯಿತು. ಕಾರ್ಖಾನೆಯ ಫುಟ್‌ಬಾಲ್ ತಂಡ ಹುಟ್ಟಿದ್ದು ಅದಕ್ಕೂ ಎರಡು ತಿಂಗಳು ಮೊದಲು, ಏಪ್ರಿಲ್‌ನಲ್ಲಿ. ಕಬ್ಬಿಣಕ್ಕಿಂತ ಮೊದಲೇ ಫುಟ್‌ಬಾಲ್ ತಂಡ ತಯಾರಾಗಿದ್ದ ಕಾರ್ಖಾನೆಗಳು ಜಗತ್ತಿನಲ್ಲಿ ಹೆಚ್ಚು ಇರಲಾರವು.

1983ರಲ್ಲಿ ಐದು ತಂಡಗಳೊಂದಿಗೆ ಕೊರಿಯಾದ ಮೊದಲ ವೃತ್ತಿಪರ ಲೀಗ್ ಆರಂಭವಾದಾಗ ಪೋಸ್ಕೊ ತಂಡವೂ ಅದರಲ್ಲಿತ್ತು. ಕ್ರೀಡೆಯ ಮೂಲಕ ಜನರ ಗಮನವನ್ನು ರಾಜಕೀಯದಿಂದ ಬೇರೆಡೆಗೆ ಸೆಳೆಯಲು ಚುನ್ ದೂ-ಹ್ವಾನ್ ಅವರ ಸೈನಿಕ ಆಡಳಿತ ದೊಡ್ಡ ಕಂಪನಿಗಳ ಮೇಲೆ ಒತ್ತಡ ಹೇರಿ ತಂಡಗಳನ್ನು ಕಟ್ಟಿಸಿತ್ತೆಂಬುದು ಅಲ್ಲಿನವರೂ ಮುಚ್ಚಿಡದ ಮಾತು. ಈ ಅವಧಿಯಲ್ಲಿ ತಂಡದ ಹೆಸರು ಡಾಲ್ಫಿನ್ಸ್ ಆಗಿ, 1985ರಲ್ಲಿ ಆಟಮ್ಸ್ ಆಗಿ, 1997ರಲ್ಲಿ ಸ್ಟೀಲರ್ಸ್ ಆಯಿತು. 1986, 1988 ಮತ್ತು 1992ರಲ್ಲಿ ಲೀಗ್ ಗೆದ್ದಿತು. ಚೋಯ್ ಸೂನ್-ಹೋ ಅವರಂತಹ ರಾಷ್ಟ್ರೀಯ ತಾರೆಯರನ್ನು ಸೇರಿಸಿಕೊಳ್ಳುವ ಶಕ್ತಿ ಸರ್ಕಾರದ ಬೆಂಬಲವಿದ್ದ ಉಕ್ಕಿನ ಕಂಪನಿಗೆ ಇತ್ತು. ಆ ಮೂರು ಪ್ರಶಸ್ತಿಗಳನ್ನು ಕಂಪನಿಯ ಪ್ರಶಸ್ತಿಗಳೆಂದು ತಾವು ಕರೆದರೆ ನಮ್ಮ ತಕರಾರಿಲ್ಲ.

ಆದರೆ ಆ ವರ್ಷಗಳಲ್ಲೇ ಎರಡು ಬೇರೆ ಕೆಲಸಗಳೂ ನಡೆದವು, ಮುಂದಿನ ಕಥೆಗೆ ಅವು ಕಪ್ಪುಗಳಿಗಿಂತ ಮುಖ್ಯ. 1990ರಲ್ಲಿ ಕಾರ್ಖಾನೆಯ ಆವರಣಕ್ಕೆ ಹೊಂದಿಕೊಂಡಂತೆ ಸ್ಟೀಲ್‌ಯಾರ್ಡ್ ಕ್ರೀಡಾಂಗಣ ತೆರೆಯಿತು. ಓಟದ ಟ್ರ್ಯಾಕ್ ಇಲ್ಲದ, ಫುಟ್‌ಬಾಲಿಗೆಂದೇ ಕಟ್ಟಿದ ಕೊರಿಯಾದ ಮೊದಲ ಕ್ರೀಡಾಂಗಣ ಅದು; ಪ್ರೇಕ್ಷಕರು ಅಂಕಣದ ಅಂಚಿನಲ್ಲೇ ಕೂರುವುದರಿಂದ ಆಟಗಾರರ ಕೂಗು ಮೊದಲ ಸಾಲಿಗೆ ಕೇಳುತ್ತದೆ. ಎರಡನೆಯದು, ಉದ್ಯೋಗಿಗಳ ಮಕ್ಕಳಿಗಾಗಿ ಕಂಪನಿ ನಡೆಸುತ್ತಿದ್ದ ಶಾಲೆಗಳಲ್ಲಿ ಪ್ರಾಥಮಿಕ ಹಂತದಿಂದ ಪ್ರೌಢಶಾಲೆಯವರೆಗೆ ಫುಟ್‌ಬಾಲ್ ತಂಡಗಳನ್ನು ಕಟ್ಟಿ, ಮುಂದೆ ಅವುಗಳನ್ನು ಕ್ಲಬ್ಬಿಗೆ ಜೋಡಿಸಿದ ವ್ಯವಸ್ಥೆ. ಇತರ ಕ್ಲಬ್ಬುಗಳು ವಿಶ್ವವಿದ್ಯಾಲಯಗಳಿಂದ ಸಿದ್ಧ ಆಟಗಾರರನ್ನು ಆರಿಸಿಕೊಳ್ಳುತ್ತಿದ್ದಾಗ ಪೋಹಾಂಗ್‌ನಲ್ಲಿ ಹತ್ತು ವರ್ಷದ ಹುಡುಗ ಕ್ಲಬ್ಬಿನ ಪದ್ಧತಿಯಲ್ಲೇ ಆಡಲು ಕಲಿಯುತ್ತಿದ್ದ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಹೆಸರು ಮಾಡಿದ ಹ್ವಾಂಗ್ ಹೀ-ಚಾನ್ ಈ ಶಾಲೆಗಳಿಂದಲೇ ಬಂದವರು. ಅವರು ಕ್ಲಬ್ಬಿಗಾಗಿ ಒಂದು ಪಂದ್ಯವನ್ನೂ ಆಡದೆ ನೇರವಾಗಿ ಆಸ್ಟ್ರಿಯಾಕ್ಕೆ ಹೋದದ್ದು ಪೋಹಾಂಗ್‌ನಲ್ಲಿ ಬಹುಕಾಲ ಅಸಮಾಧಾನಕ್ಕೆ ಕಾರಣವಾಗಿತ್ತು ಎಂಬುದು ಬೇರೆ ಮಾತು.

ಏಷ್ಯಾದ ಮಟ್ಟದ ಸಾಧನೆಯನ್ನು ತಾವು ಒಂದೇ ವಾಕ್ಯದಲ್ಲಿ ತಳ್ಳಿಹಾಕಿದ್ದೀರಿ. ಅಲ್ಲಿ ನಾವು ಒಪ್ಪುವುದಿಲ್ಲ. ಹೋಂಗ್ ಮ್ಯುಂಗ್-ಬೋ, ಹ್ವಾಂಗ್ ಸುನ್-ಹೋಂಗ್ ಅವರಂಥವರಿದ್ದ ತಂಡ 1997ರಲ್ಲಿ ಮಲೇಷ್ಯಾದಲ್ಲಿ ತನ್ನದೇ ದೇಶದ ಚೊನಾನ್ ಇಲ್ಹ್ವಾ ತಂಡವನ್ನು ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋಲಿಸಿ ಏಷ್ಯಾ ಚಾಂಪಿಯನ್ ಆಯಿತು. ಮರುವರ್ಷ ಹಾಂಗ್‌ಕಾಂಗ್‌ನಲ್ಲಿ ಚೀನಾದ ದಾಲಿಯಾನ್ ವಾಂಡಾ ತಂಡವನ್ನು ಪೆನಾಲ್ಟಿಗಳಲ್ಲಿ ಮಣಿಸಿ ಪ್ರಶಸ್ತಿ ಉಳಿಸಿಕೊಂಡಿತು. ಇದಕ್ಕೂ ಮೊದಲು, 1996ರಲ್ಲಿ, ಲೀಗಿನಿಂದ ಬೇರೆಯಾದ ನಾಕೌಟ್ ಟೂರ್ನಿ, ಕೊರಿಯಾದ ಮೊಟ್ಟಮೊದಲ ಎಫ್ಎ ಕಪ್ಪನ್ನೂ ಅದೇ ಗೆದ್ದಿತ್ತು.

ನಂತರದ ಹಲವು ವರ್ಷಗಳಲ್ಲಿ ಹೇಳಿಕೊಳ್ಳುವಂಥದ್ದು ಕಡಿಮೆ. 2004ರ ಲೀಗ್ ಫೈನಲ್‌ನಲ್ಲಿ ಸುವೊನ್ ವಿರುದ್ಧ ಎರಡೂ ಪಂದ್ಯಗಳು ಗೋಲಿಲ್ಲದೆ ಮುಗಿದು ಪೆನಾಲ್ಟಿಗೆ ಹೋದಾಗ, ಪೋಹಾಂಗ್‌ನ ಗೋಲ್‌ಕೀಪರ್ ಕಿಮ್ ಬ್ಯುಂಗ್-ಜಿ ತಾವೇ ಒದೆಯಲು ಬಂದು, ಎದುರಿಗಿದ್ದ ಗೋಲ್‌ಕೀಪರ್ ಲೀ ವೂನ್-ಜೇ ಅದನ್ನು ತಡೆದು, ಪ್ರಶಸ್ತಿ ಕೈತಪ್ಪಿತು. ಗೋಲ್‌ಕೀಪರನ ಒದೆತವನ್ನು ಗೋಲ್‌ಕೀಪರನೇ ತಡೆದು ಲೀಗ್ ಪ್ರಶಸ್ತಿ ನಿರ್ಧಾರವಾದದ್ದು ಅಪರೂಪದ ಸಂಗತಿಯಾದ್ದರಿಂದ ಇಲ್ಲಿ ಬರೆದೆವು.

ಬ್ರೆಜಿಲ್‌ನ ಸೆರ್ಜಿಯೊ ಫಾರಿಯಾಸ್ 2005ರಲ್ಲಿ ಕೋಚ್ ಆಗಿ ಬಂದರು. 2007ರಲ್ಲಿ ಲೀಗಿನ ಸಾಮಾನ್ಯ ಹಂತದಲ್ಲಿ ಐದನೇ ಸ್ಥಾನದಲ್ಲಿದ್ದ ತಂಡ ಪ್ಲೇಆಫ್‌ನಲ್ಲಿ ಮೇಲಿನವರನ್ನು ಒಬ್ಬೊಬ್ಬರನ್ನಾಗಿ ಸೋಲಿಸುತ್ತ ಬಂದು, ಫೈನಲ್‌ನ ಎರಡೂ ಪಂದ್ಯಗಳಲ್ಲಿ ಸೊಂಗ್ನಾಮ್ ತಂಡವನ್ನು ಮಣಿಸಿ ಚಾಂಪಿಯನ್ ಆಯಿತು. ಐದನೇ ಸ್ಥಾನದ ತಂಡ ಲೀಗ್ ಗೆಲ್ಲುವುದು ನ್ಯಾಯವೇ ಎಂಬ ಚರ್ಚೆ ಆಗಲೂ ನಡೆಯಿತು, ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ 2009ರ ಬಗ್ಗೆ ಅಂಥ ಅನುಮಾನಕ್ಕೆ ಎಡೆಯಿಲ್ಲ. ಆ ವರ್ಷದ ಏಷ್ಯಾ ಚಾಂಪಿಯನ್ಸ್ ಲೀಗಿನ ಕ್ವಾರ್ಟರ್ ಫೈನಲ್‌ನಲ್ಲಿ ಎದುರಾದದ್ದು ಉಜ್ಬೇಕಿಸ್ತಾನದ ಬುನ್ಯೋದ್ಕೋರ್. ವಿಶ್ವಕಪ್ ಗೆದ್ದ ಆಟಗಾರ ರಿವಾಲ್ಡೊ ಆ ತಂಡದಲ್ಲಿದ್ದರು, ವಿಶ್ವಕಪ್ ಗೆಲ್ಲಿಸಿದ ಸ್ಕೊಲಾರಿ ಅದರ ಕೋಚ್ ಆಗಿದ್ದರು. ದುಡ್ಡಿನಿಂದ ಕಪ್ ಕೊಳ್ಳುವ ಪ್ರಯತ್ನ ಎಂದು ತಾವು ಯಾವುದನ್ನು ಕರೆಯುತ್ತೀರೋ ಅದು ಆ ಪಂದ್ಯದಲ್ಲಿ ಎದುರಿನ ಪಾಳೆಯದಲ್ಲಿತ್ತು. ತಾಷ್ಕೆಂಟಿನಲ್ಲಿ 1-3ರಿಂದ ಸೋತು ಬಂದ ಪೋಹಾಂಗ್ ತವರಿನಲ್ಲಿ ಹೆಚ್ಚುವರಿ ಸಮಯದವರೆಗೆ ಹೋರಾಡಿ 4-1ರಿಂದ ಗೆದ್ದು ಮುಂದೆ ಸಾಗಿತು. ನವೆಂಬರ್ 7ರಂದು ಟೋಕಿಯೊದಲ್ಲಿ ನಡೆದ ಫೈನಲ್‌ನಲ್ಲಿ ಸೌದಿಯ ಅಲ್ ಇತ್ತಿಹಾದ್ ವಿರುದ್ಧ ನೋ ಬ್ಯುಂಗ್-ಜೂನ್ ಅವರ ಫ್ರೀ ಕಿಕ್ ಮತ್ತು ಡಿಫೆಂಡರ್ ಕಿಮ್ ಹ್ಯುಂಗ್-ಇಲ್ ಅವರ ಗೋಲಿನಿಂದ 2-1ರ ಜಯ ದೊರೆತು, ಏಷ್ಯಾದ ಕಿರೀಟ ಮೂರನೆಯ ಬಾರಿ ಪೋಹಾಂಗ್‌ಗೆ ಬಂತು.

ಆ ಗೆಲುವಿನಿಂದ ಅಬುಧಾಬಿಯ ಕ್ಲಬ್ ವಿಶ್ವಕಪ್ಪಿಗೆ ಹೋದ ತಂಡ ಆಫ್ರಿಕಾದ ಚಾಂಪಿಯನ್ ಮಜೆಂಬೆಯನ್ನು ಸೋಲಿಸಿತು. ಸೆಮಿಫೈನಲ್‌ನಲ್ಲಿ ವೆರೋನ್ ನಾಯಕತ್ವದ ಅರ್ಜೆಂಟೀನಾದ ಎಸ್ತುದಿಯಾಂತೆಸ್ ವಿರುದ್ಧ ಮೂವರು ಆಟಗಾರರು ರೆಡ್ ಕಾರ್ಡ್ ಪಡೆದು ಹೊರಹೋದರು. ಮೂರನೆಯವರು ಗೋಲ್‌ಕೀಪರ್ ಶಿನ್ ಹ್ವಾ-ಯೋಂಗ್. ಬದಲಿ ಆಟಗಾರರನ್ನು ಇಳಿಸುವ ಅವಕಾಶ ಮುಗಿದಿದ್ದರಿಂದ ಅದೇ ಪಂದ್ಯದಲ್ಲಿ ತಂಡದ ಏಕೈಕ ಗೋಲು ಹೊಡೆದಿದ್ದ ಬ್ರೆಜಿಲ್‌ನ ಸ್ಟ್ರೈಕರ್ ಡೆನಿಲ್ಸನ್ ಕೈಗವಸು ತೊಟ್ಟು ಗೋಲ್ ಪೋಸ್ಟಿನಲ್ಲಿ ನಿಂತರು. 1-2ರಿಂದ ಸೋತರೂ, ಮೆಕ್ಸಿಕೊದ ಅಟ್ಲಾಂತೆಯನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ತಂಡ ಮೂರನೇ ಸ್ಥಾನ ಪಡೆಯಿತು, ನಾಲ್ಕು ಗೋಲುಗಳೊಂದಿಗೆ ಡೆನಿಲ್ಸನ್ ಟೂರ್ನಿಯಲ್ಲೇ ಅತಿ ಹೆಚ್ಚು ಗೋಲು ಗಳಿಸಿದವರಾದರು.

ಇನ್ನು ತಮ್ಮ ವಾದಕ್ಕೆ ನೇರ ಉತ್ತರವಾಗುವ ವರ್ಷ 2013. ಉಕ್ಕಿನ ಮಾರುಕಟ್ಟೆ ಕುಸಿದಿದ್ದ ಕಾಲವದು. ಕಂಪನಿ ಕ್ಲಬ್ಬಿಗೆ ಕೊಡುವ ಹಣವನ್ನು ಕಡಿತಗೊಳಿಸಿತು. ಆ ವೇಳೆಗೆ ಕೋಚ್ ಆಗಿದ್ದ ಹ್ವಾಂಗ್ ಸುನ್-ಹೋಂಗ್, ಸಾಧಾರಣ ವಿದೇಶಿ ಆಟಗಾರರನ್ನು ತರುವುದಕ್ಕಿಂತ ಯಾರನ್ನೂ ತರದಿರುವುದೇ ಲೇಸೆಂದು, ಒಬ್ಬ ವಿದೇಶಿಯನೂ ಇಲ್ಲದ ತಂಡವನ್ನು ಇಡೀ ಋತುವಿಗೆ ಕಣಕ್ಕಿಳಿಸಿದರು. ಇತರ ಕ್ಲಬ್ಬುಗಳ ಅನೇಕ ಗೋಲುಗಳು ವಿದೇಶಿ ಸ್ಟ್ರೈಕರ್‌ಗಳ ಕಾಲಿನಿಂದ ಬರುತ್ತಿದ್ದ ಲೀಗಿನಲ್ಲಿ ಇದು ಸಣ್ಣ ಪಂಥವಾಗಿರಲಿಲ್ಲ. 19ನೇ ಶತಮಾನದಲ್ಲಿ ವಿದೇಶಿಯರಿಗೆ ಕೊರಿಯಾದ ಬಾಗಿಲು ಮುಚ್ಚಿದ್ದ ರಾಜಪ್ರತಿನಿಧಿಯ ಹೆಸರಿಗೆ ತಮ್ಮ ಕೋಚ್‌ನ ಹೆಸರನ್ನು ಬೆರೆಸಿ ಅಭಿಮಾನಿಗಳು ತಮಾಷೆ ಮಾಡಿದರು. ಕಂಪನಿಯ ಶಾಲೆಗಳಲ್ಲಿ ಬೆಳೆದ ಲೀ ಮ್ಯುಂಗ್-ಜೂ, ಹ್ವಾಂಗ್ ಜಿನ್-ಸುಂಗ್, ಶಿನ್ ಹ್ವಾ-ಯೋಂಗ್, ಕಿಮ್ ಸುಂಗ್-ದೇ ಮೊದಲಾದವರು ಚಿಕ್ಕ ಚಿಕ್ಕ ಪಾಸುಗಳಲ್ಲಿ ಚೆಂಡನ್ನು ದಾಟಿಸುತ್ತ ಆಡಿದ ರೀತಿ ಇಡೀ ಲೀಗಿನಲ್ಲಿ ಮಾತಾಯಿತು. ಅಕ್ಟೋಬರ್‌ನಲ್ಲಿ ಜೊಂಜು ನಗರದಲ್ಲಿ ಜೊನ್‌ಬುಕ್ ತಂಡವನ್ನು ಅದರದೇ ಮೈದಾನದಲ್ಲಿ ಪೆನಾಲ್ಟಿಗಳಲ್ಲಿ ಸೋಲಿಸಿ ತಂಡ ಎಫ್ಎ ಕಪ್ ಗೆದ್ದಿತು.

ಲೀಗ್ ನಿರ್ಧಾರವಾದದ್ದು ಡಿಸೆಂಬರ್ 1ರಂದು, ಕೊನೆಯ ಪಂದ್ಯದಲ್ಲಿ. ಪೂರ್ವ ಕರಾವಳಿಯಲ್ಲೇ ದಕ್ಷಿಣಕ್ಕಿರುವ, ಹ್ಯುಂಡೈ ಕಂಪನಿಯ ಉಲ್ಸಾನ್ ತಂಡ ಎರಡು ಅಂಕ ಮುಂದಿತ್ತು. ತನ್ನ ಮೈದಾನದಲ್ಲಿ ಡ್ರಾ ಮಾಡಿಕೊಂಡರೂ ಅದಕ್ಕೆ ಪ್ರಶಸ್ತಿ ಸಿಗುತ್ತಿತ್ತು. ತೊಂಬತ್ತು ನಿಮಿಷ ಮುಗಿದಾಗ ಯಾರೂ ಗೋಲು ಹೊಡೆದಿರಲಿಲ್ಲ. ಗಾಯದ ಸಮಯದ ಐದನೆಯ ನಿಮಿಷದಲ್ಲಿ ಗೋಲಿನ ಮುಂದೆ ಉಂಟಾದ ನೂಕುನುಗ್ಗಲಿನಲ್ಲಿ ಡಿಫೆಂಡರ್ ಕಿಮ್ ವೊನ್-ಇಲ್ ಚೆಂಡನ್ನು ಒಳಗೆ ತಳ್ಳಿದರು. ಇವರು ಹಿಂದೆ ಕೊರಿಯಾದ ನೌಕಾಪಡೆಯ ಮರೀನ್ ದಳದಲ್ಲಿ ಸೇವೆ ಸಲ್ಲಿಸಿದ್ದವರು. ಮರೀನ್‌ಗಳ ದೊಡ್ಡ ನೆಲೆಯಿರುವ ಪೋಹಾಂಗ್‌ಗೆ ಇದಕ್ಕಿಂತ ಒಪ್ಪುವ ಗೋಲುಗಾರ ಸಿಗುತ್ತಿರಲಿಲ್ಲ. 74 ಅಂಕಗಳೊಂದಿಗೆ ಪೋಹಾಂಗ್, 73 ಅಂಕಗಳೊಂದಿಗೆ ಉಲ್ಸಾನ್. ಒಂದೇ ವರ್ಷದಲ್ಲಿ ಲೀಗ್ ಮತ್ತು ಎಫ್ಎ ಕಪ್ ಎರಡನ್ನೂ ಗೆದ್ದ ಮೊದಲ ಕೊರಿಯನ್ ಕ್ಲಬ್ ಪೋಹಾಂಗ್ ಆಯಿತು.

ಉಲ್ಸಾನ್ ಅಭಿಮಾನಿಗಳ ದುರದೃಷ್ಟ ಅಲ್ಲಿಗೆ ಮುಗಿಯಲಿಲ್ಲ. ಆರು ವರ್ಷಗಳ ನಂತರ, ಅದೇ ಡಿಸೆಂಬರ್ 1ರಂದು, ಮತ್ತೆ ಕೊನೆಯ ಪಂದ್ಯದಲ್ಲಿ ಡ್ರಾ ಸಾಕಾಗಿದ್ದಾಗ, ಪೋಹಾಂಗ್ ಉಲ್ಸಾನ್‌ಗೇ ಬಂದು 4-1ರಿಂದ ಗೆದ್ದು ಪ್ರಶಸ್ತಿಯನ್ನು ಜೊನ್‌ಬುಕ್ ಪಾಲು ಮಾಡಿತು. ಎರಡೂ ದಿನ ಉಲ್ಸಾನ್‌ನ ಗೋಲ್‌ಕೀಪರ್ ಕಿಮ್ ಸುಂಗ್-ಗ್ಯು ಅವರೇ ಆಗಿದ್ದರು. ಕೊನೆಗೆ ಉಲ್ಸಾನ್‌ಗೆ 2022ರಲ್ಲಿ ಲೀಗ್ ಗೆದ್ದುಕೊಟ್ಟ ಕೋಚ್ ಯಾರೆಂದರೆ, ಪೋಹಾಂಗ್‌ನಲ್ಲೇ ತಾರೆಯಾಗಿ ಬೆಳೆದ ಹೋಂಗ್ ಮ್ಯುಂಗ್-ಬೋ.

2013ರ ಆ ಗೆಲುವಿನಲ್ಲಿ ಕಂಪನಿಯ ಪಾಲಿಲ್ಲವೆಂದು ನಾವು ಹೇಳುತ್ತಿಲ್ಲ. ಆ ಹುಡುಗರು ಓದಿದ ಶಾಲೆಗಳೂ ಆಡಿದ ಮೈದಾನವೂ ಪೋಸ್ಕೊ ಹಣದಿಂದ ಆದವೇ. ಆದರೆ ಸಿದ್ಧ ಆಟಗಾರನನ್ನು ಕೊಳ್ಳಲು ಖರ್ಚು ಮಾಡಿದ ಹಣಕ್ಕೂ, ಹತ್ತು ಹದಿನೈದು ವರ್ಷ ಮೊದಲು ಮಕ್ಕಳ ಮೇಲೆ ಖರ್ಚು ಮಾಡಿದ ಹಣಕ್ಕೂ ತಾವು ಒಂದೇ ಬೆಲೆ ಕಟ್ಟಿದ್ದೀರಿ; ನಮ್ಮ ಭಿನ್ನಾಭಿಪ್ರಾಯ ಇರುವುದು ಅಷ್ಟಕ್ಕೆ.

ಬೆಂಗಳೂರು ಎಫ್‌ಸಿಯ ಪ್ರಶ್ನೆಗೂ ಇದೇ ಜಾಡಿನಲ್ಲಿ ಉತ್ತರಿಸಬಹುದು. ತೋರಣಗಲ್ಲಿನಲ್ಲಿ ಬೃಹತ್ ಕಾರ್ಖಾನೆ ಹೊಂದಿರುವ ಜೆಎಸ್‌ಡಬ್ಲ್ಯು ಸಮೂಹವೇ 2013ರಲ್ಲಿ ಆ ಕ್ಲಬ್ ಕಟ್ಟಿತು, ಮೂರೇ ವರ್ಷಗಳಲ್ಲಿ ಅದು ಏಷ್ಯಾದ ಎರಡನೇ ದರ್ಜೆಯ ಕ್ಲಬ್ ಟೂರ್ನಿಯಾಗಿದ್ದ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. ಆದರೆ ಕುಲುಮೆ ಬಳ್ಳಾರಿ ಸೀಮೆಯಲ್ಲಿ, ತಂಡ ಕಂಠೀರವ ಕ್ರೀಡಾಂಗಣದಲ್ಲಿ. ಪೋಹಾಂಗ್‌ನಲ್ಲಿ ಕಾರ್ಖಾನೆಯ ಪಾಳಿ ಮುಗಿಸಿದವರು ನಡೆದುಕೊಂಡೇ ಪಂದ್ಯಕ್ಕೆ ಹೋಗಬಹುದು. ಹೋಲಿಕೆ ಒಡೆತನದ ಮಟ್ಟಿಗೆ ಸರಿ, ಊರಿನ ಮಟ್ಟಿಗೆ ಅಲ್ಲ.

ಕೊನೆಯದಾಗಿ ಇಂದಿನ ಸ್ಥಿತಿ. 2013ರ ನಂತರ ಲೀಗ್ ಪ್ರಶಸ್ತಿ ಪೋಹಾಂಗ್‌ಗೆ ಒಲಿದಿಲ್ಲ. ಒಟ್ಟು ಐದಕ್ಕೇ ನಿಂತಿದೆ, ಜೊನ್‌ಬುಕ್ ಬಹಳ ಮುಂದೆ ಹೋಗಿದೆ. ಲೀ ಮ್ಯುಂಗ್-ಜೂ 2014ರ ಋತುವಿನ ನಡುವೆಯೇ ಯುಎಇಯ ಅಲ್ ಐನ್ ತಂಡಕ್ಕೆ ಮಾರಾಟವಾದಂತೆ, ಚೆನ್ನಾಗಿ ಆಡಿದವರು ಒಬ್ಬೊಬ್ಬರಾಗಿ ಹೊರಹೋಗುವುದು ಕ್ಲಬ್ಬಿನ ವಾಡಿಕೆಯೇ ಆಗಿದೆ. ಆದರೂ 2021ರಲ್ಲಿ, ಈ ಕ್ಲಬ್ಬಿಗಾಗಿ ಹಿಂದೆ ಆಡಿದ್ದ ಕಿಮ್ ಗಿ-ದೋಂಗ್ ಕೋಚ್ ಆಗಿದ್ದಾಗ, ತಂಡ ಸೆಮಿಫೈನಲ್‌ನಲ್ಲಿ ಉಲ್ಸಾನ್‌ನನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಏಷ್ಯಾ ಚಾಂಪಿಯನ್ಸ್ ಲೀಗಿನ ಫೈನಲ್ ತಲುಪಿತು. ಆಗ ಪೋಹಾಂಗ್ ಮತ್ತು ಸೌದಿಯ ಅಲ್ ಹಿಲಾಲ್ ಎರಡೂ ತಲಾ ಮೂರು ಬಾರಿ ಏಷ್ಯಾ ಗೆದ್ದಿದ್ದವು. ರಿಯಾದ್‌ನಲ್ಲಿ ಪಂದ್ಯದ ಮೊದಲ ನಿಮಿಷ ಮುಗಿಯುವ ಮೊದಲೇ ಗೋಲು ಬಿಟ್ಟುಕೊಟ್ಟ ಪೋಹಾಂಗ್ 0-2ರಿಂದ ಸೋತಿತು, ಅಲ್ ಹಿಲಾಲ್ ನಾಲ್ಕಕ್ಕೇರಿತು. 2023ರಲ್ಲಿ ಎಫ್ಎ ಕಪ್ ಫೈನಲ್ ಸ್ಟೀಲ್‌ಯಾರ್ಡಿನಲ್ಲೇ ನಡೆದು ಜೊನ್‌ಬುಕ್ ವಿರುದ್ಧ 4-2ರ ಜಯ ಸಿಕ್ಕಿತು. ಕೊರಿಯಾ ಕಪ್ ಎಂದು ಹೆಸರು ಬದಲಾದ ಅದೇ ಟೂರ್ನಿಯ ಫೈನಲ್‌ನಲ್ಲಿ 2024ರ ನವೆಂಬರ್ 30ರಂದು, ಕ್ಲಬ್ಬಿನ ಇನ್ನೊಬ್ಬ ಮಾಜಿ ಆಟಗಾರ ಪಾರ್ಕ್ ತೇ-ಹಾ ಅವರ ಮಾರ್ಗದರ್ಶನದಲ್ಲಿ, ಆ ವರ್ಷದ ಲೀಗ್ ಚಾಂಪಿಯನ್ ಉಲ್ಸಾನ್ ವಿರುದ್ಧ ಹಿನ್ನಡೆಯಿಂದ ಚೇತರಿಸಿಕೊಂಡು ಹೆಚ್ಚುವರಿ ಸಮಯದಲ್ಲಿ 3-1ರಿಂದ ಗೆದ್ದಿತು. ಈ ಕಪ್ಪನ್ನು ಅದಕ್ಕೂ ಮೊದಲು ಕೊರಿಯಾದ ಯಾವ ಕ್ಲಬ್ಬೂ ಆರು ಬಾರಿ ಗೆದ್ದಿರಲಿಲ್ಲ.

– ಸಂಪಾದಕ