ಕೊಯ್ಯದೆ ಥೈರಾಯ್ಡ್ ಗಂಟನ್ನು ಕುಗ್ಗಿಸಬಹುದೇ?

ಗದಗಿನಲ್ಲಿರುವ ನಿಮ್ಮ ತಾಯಿಯವರ ಕೊರಳಿನ 3.5 ಸೆಂ.ಮೀ. ಥೈರಾಯ್ಡ್ ಗಂಟು ಸೂಜಿ ಪರೀಕ್ಷೆಯಲ್ಲಿ ಕ್ಯಾನ್ಸರ್ ಅಲ್ಲವೆಂದು ಬಂದಿದೆ, ನುಂಗುವಾಗ ಒತ್ತಿದಂತಾಗುತ್ತದೆ, ಆಪರೇಷನ್ ತಪ್ಪಿಸಬಹುದೇ ಎಂದು ಕೇಳಿದ್ದೀರಿ. ಬಹುಮಟ್ಟಿಗೆ ತಪ್ಪಿಸಬಹುದು.

ಗಂಟಿನಲ್ಲಿ ನೀರೇ ತುಂಬಿದ್ದರೆ ಅದನ್ನು ಹೀರಿ ತೆಗೆದು ಎಥನಾಲ್ (ಆಲ್ಕೋಹಾಲ್) ಹಾಕುವುದು ಮೊದಲ ಆಯ್ಕೆ. ಗಟ್ಟಿ ಗಂಟಾದರೆ ರೇಡಿಯೋ ಫ್ರೀಕ್ವೆನ್ಸಿ ಅಬ್ಲೇಶನ್, ಅಂದರೆ ವಿದ್ಯುತ್ತಿನ ಶಾಖದಿಂದ ಗಂಟನ್ನು ಸುಡುವ ಚಿಕಿತ್ಸೆ ಇದೆ: ಕುತ್ತಿಗೆಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅಲ್ಟ್ರಾಸೌಂಡ್ ಪರದೆಯನ್ನು ನೋಡುತ್ತಲೇ ತೆಳುವಾದ ಸೂಜಿಯ ತುದಿಯನ್ನು ಗಂಟಿನ ಆಳದಿಂದ ಮೇಲಕ್ಕೆ ಸ್ವಲ್ಪಸ್ವಲ್ಪವೇ ಸರಿಸುತ್ತ ಸುಡುತ್ತಾರೆ, ಸುಡುತ್ತಿರುವ ಜಾಗ ಪರದೆಯಲ್ಲಿ ಬಿಳಿಯ ಮೋಡದಂತೆ ಹರಡುತ್ತದೆ. ಧ್ವನಿಯ ನರ ಗ್ರಂಥಿಯ ಬೆನ್ನಿಗೇ ಹಾದುಹೋಗುವುದರಿಂದ, ಎಚ್ಚರವಾಗಿಯೇ ಇರುವ ರೋಗಿಯನ್ನು ವೈದ್ಯರು ನಡುನಡುವೆ ಮಾತನಾಡಿಸಿ ಸ್ವರವನ್ನು ಗಮನಿಸುತ್ತಾರೆ. ಗಂಟು ಅಂದೇ ಮಾಯವಾಗುವುದಿಲ್ಲ. 6ರಿಂದ 12 ತಿಂಗಳಲ್ಲಿ ಅದರ ಘನಗಾತ್ರ (ಅಗಲವಲ್ಲ) ಸಾಮಾನ್ಯವಾಗಿ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಉಳಿದ ಗ್ರಂಥಿ ಕೆಲಸ ಮಾಡುತ್ತಿರುವುದರಿಂದ ಜೀವನಪೂರ್ತಿ ಥೈರಾಯ್ಡ್ ಹಾರ್ಮೋನಿನ ಮಾತ್ರೆ ನುಂಗುವ ಪ್ರಸಂಗ ಅಪರೂಪ.

ಆದರೆ ಒಂದೇ ವರದಿಯನ್ನು ನಂಬಿ ಮುಂದುವರಿಯಬೇಡಿರಿ. ಸುಟ್ಟ ಗಂಟನ್ನು ಕೊಯ್ದು ತೆಗೆದ ಗಂಟಿನಂತೆ ಪೂರ್ತಿಯಾಗಿ ಪರೀಕ್ಷಿಸಲಾಗುವುದಿಲ್ಲವಾದ್ದರಿಂದ ಎರಡನೆಯ ಸೂಜಿ ಪರೀಕ್ಷೆಯೂ ನಿರಪಾಯವೆಂದೇ ಬರಬೇಕು. ಸುಡುವ ಈ ವಿಧಾನವನ್ನು ಯಕೃತ್ತಿನ ಗಂಟುಗಳಿಗೂ ಬಳಸುತ್ತಾರೆ; ಆದ್ದರಿಂದ ಹುಬ್ಬಳ್ಳಿಗೆ ಹೋಗಿ ವೈದ್ಯರನ್ನು ಕಾಣುವಾಗ, ಯಕೃತ್ತಿನ ಮೇಲಲ್ಲ, ಥೈರಾಯ್ಡಿನ ಮೇಲೆಯೇ ಈ ಚಿಕಿತ್ಸೆಯನ್ನು ಎಷ್ಟು ಸಲ ಮಾಡಿದ್ದೀರಿ ಎಂದು ಸಂಕೋಚಪಡದೆ ಕೇಳಿರಿ.