ಓದುಗರ ಪ್ರಶ್ನೆ: ರೂಸ್‌ವೆಲ್ಟ್ ಹೆಚ್ಚೋ, ಜಾನ್ಸನ್ ಹೆಚ್ಚೋ?

ಪ್ರಶ್ನೆ: ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಮತ್ತು ಲಿಂಡನ್ ಜಾನ್ಸನ್ ಇಬ್ಬರಲ್ಲಿ ಸ್ವದೇಶದ ಆಡಳಿತದಲ್ಲಿ ಯಾರ ಸಾಧನೆ ದೊಡ್ಡದು? ಪುಸ್ತಕಗಳಲ್ಲಿ ಕಾನೂನುಗಳ ಪಟ್ಟಿ ಸಿಗುತ್ತದೆ, ಹೋಲಿಸುವ ಬಗೆ ಗೊತ್ತಾಗುವುದಿಲ್ಲ.
- ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು, ಬಾಗಲಕೋಟೆ

ಉತ್ತರ: ಕಾನೂನು ಎಷ್ಟು ಬಂದವು ಎಂದು ಎಣಿಸಲು ಹೋಗಬೇಡಿ. ಒಂದೊಂದನ್ನೂ ಹಿಡಿದು, ಅದಕ್ಕೆ ದುಡ್ಡು ಎಲ್ಲಿಂದ ಬಂತು, ಯಾರು ಹೊರಗುಳಿದರು ಎಂದು ಕೇಳಿ.

ರೂಸ್‌ವೆಲ್ಟ್ ಅಧಿಕಾರಕ್ಕೆ ಬಂದ 1933ರಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಅವರು ಮಾಡಿದ್ದರಲ್ಲಿ ಹೆಚ್ಚು ಕಾಲ ಬಾಳಿದ್ದು 1935ರ ಸಾಮಾಜಿಕ ಭದ್ರತಾ ಕಾಯ್ದೆ. ನೌಕರನ ಸಂಬಳದಿಂದ ಶೇ 1, ಮಾಲೀಕನಿಂದ ಶೇ 1, ಅದೂ ವರ್ಷದ ಮೊದಲ 3,000 ಡಾಲರ್ ಸಂಬಳದ ಮೇಲೆ ಮಾತ್ರ. ಕಡಿತ 1937ರಲ್ಲಿ ಶುರುವಾಯಿತು, ತಿಂಗಳ ಪಿಂಚಣಿ 1940ರಿಂದ. ‘ನಾನು ಕಟ್ಟಿದ ಹಣ’ ಎಂಬ ಭಾವನೆ ಜನರಲ್ಲಿ ಬೇರೂರಿತು. ಆಮೇಲೆ ಬಂದ ಯಾವ ಸರ್ಕಾರಕ್ಕೂ ಅದನ್ನು ಕಿತ್ತುಹಾಕಲು ಆಗಲಿಲ್ಲ. ಆದರೆ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಕಾಯ್ದೆ ಹೊರಗಿಟ್ಟಿತು. ನಮ್ಮ ಮುಧೋಳ, ಜಮಖಂಡಿ ಕಡೆ ಕಬ್ಬು ಕಡಿಯುವವರನ್ನು ಬಿಟ್ಟು ಉಳಿದವರಿಗಷ್ಟೇ ಪಿಂಚಣಿ ಕೊಟ್ಟಂತೆ. ದಕ್ಷಿಣದ ರಾಜ್ಯಗಳ ಕಪ್ಪುಜನರಲ್ಲಿ ಬಹುಪಾಲು ಮಂದಿ ದುಡಿಯುತ್ತಿದ್ದದ್ದು ಈ ಎರಡು ಕೆಲಸಗಳಲ್ಲೇ. ಅವರನ್ನು ಒಳಗೆ ತಂದದ್ದು 1950 ಮತ್ತು 1954ರ ತಿದ್ದುಪಡಿಗಳು.

ಜಾನ್ಸನ್ ಅವರ ದೊಡ್ಡತನ ಕಾಣುವುದು ಇಲ್ಲಿ. 1964ರ ನಾಗರಿಕ ಹಕ್ಕುಗಳ ಕಾಯ್ದೆಯನ್ನು ತಡೆಯಲು ಸೆನೆಟ್ಟಿನಲ್ಲಿ ವಿರೋಧಿಗಳು ವಾರಗಟ್ಟಲೆ ಭಾಷಣ ಎಳೆದರು. ಜೂನ್ 10ರಂದು 71-29 ಮತಗಳಿಂದ ಆ ತಡೆಯನ್ನು ಮುರಿಯಲಾಯಿತು. ಮರುವರ್ಷ ಬಂದ ಮೆಡಿಕೇರ್, ಅಂದರೆ 65 ದಾಟಿದವರ ಆರೋಗ್ಯ ವಿಮೆ, ರೂಸ್‌ವೆಲ್ಟ್ ಅವರ 1935ರ ಕಾಯ್ದೆಗೇ ಸೇರಿಸಿದ ತಿದ್ದುಪಡಿ. ಆಸ್ಪತ್ರೆ ಖರ್ಚಿಗೆ ಸಂಬಳದ ಕಡಿತ, ವೈದ್ಯರ ಶುಲ್ಕಕ್ಕೆ ತಿಂಗಳಿಗೆ 3 ಡಾಲರ್ ಕಂತು. 1964ರ ಕಾಯ್ದೆಯ ಪ್ರಕಾರ ಜನಾಂಗಭೇದ ಮಾಡುವ ಸಂಸ್ಥೆಗೆ ಕೇಂದ್ರದ ಹಣವಿಲ್ಲ. ಹಾಗಾಗಿ ಬಿಳಿಯರಿಗೊಂದು, ಕರಿಯರಿಗೊಂದು ವಾರ್ಡ್ ಇಟ್ಟಿದ್ದ ಆಸ್ಪತ್ರೆಗಳು 1966ರಲ್ಲಿ ಮೆಡಿಕೇರ್ ಹಣಕ್ಕಾಗಿ ಬಾಗಿಲು ತೆರೆಯಬೇಕಾಯಿತು. ಎರಡು ಕಾನೂನುಗಳನ್ನು ಹೀಗೆ ಹೆಣೆದದ್ದು ನನ್ನ ಮಟ್ಟಿಗೆ ಜಾನ್ಸನ್ ಕಾಲದ ಅತಿ ಚತುರ ಕೆಲಸ. 1965ರ ಮತದಾನ ಹಕ್ಕು ಕಾಯ್ದೆಗೆ ಮೊದಲು ಮಿಸಿಸಿಪ್ಪಿಯಲ್ಲಿ ಮತದಾರರ ಪಟ್ಟಿ ಸೇರಿದ್ದ ಕಪ್ಪುಜನರು ಶೇ 7ರಷ್ಟೂ ಇರಲಿಲ್ಲ. 1967ರ ಹೊತ್ತಿಗೆ ಶೇ 60ರ ಹತ್ತಿರ ಬಂದರು.

ಕಟ್ಟಡ ಎಬ್ಬಿಸಿದವರು ರೂಸ್‌ವೆಲ್ಟ್, ಹೊರಗೆ ನಿಂತವರನ್ನು ಒಳಗೆ ಕರೆದವರು ಜಾನ್ಸನ್. ಒಬ್ಬರನ್ನೇ ಆರಿಸಿ ಎಂದರೆ ನಾನು ರೂಸ್‌ವೆಲ್ಟ್ ಎನ್ನುತ್ತೇನೆ; ಮೆಡಿಕೇರ್‌ಗೆ ಬೇಕಾದ ಕಡಿತದ ವ್ಯವಸ್ಥೆ ಅವರ ಕಾಲದಲ್ಲೇ ತಯಾರಾಗಿತ್ತು.

ಉತ್ತರ ಪತ್ರಿಕೆಯಲ್ಲಿ ಎರಡು ಕಡೆ ಎಡವುತ್ತಾರೆ. ನ್ಯೂ ಡೀಲ್‌ನಿಂದಲೇ, ಅಂದರೆ ರೂಸ್‌ವೆಲ್ಟ್ ಅವರ ಪರಿಹಾರ ಕಾರ್ಯಕ್ರಮಗಳಿಂದಲೇ, 1930ರ ದಶಕದ ಆರ್ಥಿಕ ಮಹಾಕುಸಿತ ಮುಗಿಯಿತು ಎಂದು ಬರೆಯಬೇಡಿ. 1937ರಲ್ಲಿ ಖರ್ಚು ಕಡಿತ ಮಾಡಿದಾಗ ನಿರುದ್ಯೋಗ ಮತ್ತೆ ಏರಿತು, ಪೂರ್ತಿ ಇಳಿದದ್ದು ಎರಡನೇ ಮಹಾಯುದ್ಧದ ತಯಾರಿಯಲ್ಲಿ. ಬಡವರ ಪ್ರಮಾಣ 1964ರಲ್ಲಿದ್ದ ಶೇ 19ರಿಂದ 1969ರಲ್ಲಿ ಸುಮಾರು ಶೇ 12ಕ್ಕೆ ಇಳಿದದ್ದನ್ನೂ ಪೂರ್ತಿ ಜಾನ್ಸನ್ ಖಾತೆಗೆ ಹಾಕಬೇಡಿ. ಆ ವರ್ಷಗಳಲ್ಲಿ ಆರ್ಥಿಕತೆಯೇ ವೇಗವಾಗಿ ಬೆಳೆಯುತ್ತಿತ್ತು.

ಪ್ರಶ್ನೆ: ನಮ್ಮ ವಿದ್ಯುತ್ ಸಹಕಾರಿ ಸಂಘಕ್ಕೂ ರೂಸ್‌ವೆಲ್ಟ್ ಅವರಿಗೂ ಸಂಬಂಧವಿದೆ ಎನ್ನುತ್ತಾರೆ. ನಿಜವೇ?
- ಓದುಗರು, ಹುಕ್ಕೇರಿ

ಉತ್ತರ: ನೇರ ಸಂಬಂಧವಿಲ್ಲ, ಮಾದರಿ ಮಾತ್ರ ಅಲ್ಲಿಯದು. 1935ರಲ್ಲಿ ಅಮೆರಿಕದ ಹತ್ತು ಹೊಲಮನೆಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ಕರೆಂಟ್ ಇತ್ತು. ದೂರದೂರದ ಮನೆಗಳಿಗೆ ತಂತಿ ಎಳೆದರೆ ಗಿಟ್ಟುವುದಿಲ್ಲ ಎಂದು ಖಾಸಗಿ ಕಂಪನಿಗಳು ಕೈಚೆಲ್ಲಿದ್ದವು. ರೂಸ್‌ವೆಲ್ಟ್ ಆ ವರ್ಷ ಗ್ರಾಮೀಣ ವಿದ್ಯುದೀಕರಣ ಆಡಳಿತ ಸ್ಥಾಪಿಸಿದರು. ರೈತರೇ ಸಂಘ ಕಟ್ಟಿ, ತಲಾ 5 ಡಾಲರ್ ಸದಸ್ಯತ್ವ ಕೊಟ್ಟು, ಕಡಿಮೆ ಬಡ್ಡಿಯ ಸರ್ಕಾರಿ ಸಾಲ ಪಡೆದು ಲೈನ್ ಎಳೆಸಿದರು. ಒಂದು ಮೈಲಿಗೆ ಮೂರು ಮನೆಗಳಾದರೂ ಇರಬೇಕೆಂಬುದು ಸಾಲದ ಷರತ್ತು. ಟೆಕ್ಸಾಸ್‌ನ ಗುಡ್ಡಗಾಡಿನಲ್ಲಿ ಅಷ್ಟು ಮನೆಗಳಿರಲಿಲ್ಲ. ಅಲ್ಲಿನ ಯುವ ಸಂಸದ ರೂಸ್‌ವೆಲ್ಟ್ ಬಳಿಗೇ ಹೋಗಿ 1938ರಲ್ಲಿ ವಿನಾಯಿತಿ ತಂದರು. ಆ ಸಂಸದರೇ ಲಿಂಡನ್ ಜಾನ್ಸನ್.

1960ರ ದಶಕದ ಕೊನೆಗೆ ಭಾರತದಲ್ಲಿ ಇದೇ ಮಾದರಿಯ ಐದು ಪ್ರಾಯೋಗಿಕ ಸಂಘಗಳು ರೂಪುಗೊಂಡವು. ಅದಕ್ಕೆ ಸಲಹೆ ಕೊಟ್ಟದ್ದು ಅಮೆರಿಕದ ವಿದ್ಯುತ್ ಸಹಕಾರಿಗಳ ರಾಷ್ಟ್ರೀಯ ಒಕ್ಕೂಟ. ಐದರಲ್ಲಿ ಒಂದು ನಿಮ್ಮ ಹುಕ್ಕೇರಿಯದು.

ಪ್ರಶ್ನೆ: ರೂಸ್‌ವೆಲ್ಟ್ ಕಾಲದಲ್ಲಿ ಬೆಳೆದು ನಿಂತ ಹತ್ತಿಯನ್ನೇ ನೇಗಿಲು ಹೊಡೆಸಿ ನಾಶ ಮಾಡಿಸಿದರಂತೆ, ಹೌದೇ?
- ಹತ್ತಿ ಬೆಳೆಗಾರರು, ಸಿಂದಗಿ

ಉತ್ತರ: ಹೌದು, 1933ರಲ್ಲಿ. ಸುಮಾರು 1 ಕೋಟಿ ಎಕರೆ ಹತ್ತಿಯ ಮೇಲೆ ನೇಗಿಲು ಹೊಡೆಸಿ ಪರಿಹಾರ ಕೊಟ್ಟರು. ಮಾಲು ಕಡಿಮೆಯಾದರೆ ದರ ಏರುತ್ತದೆಂಬ ಲೆಕ್ಕ. ದರ ಏರಿತು. ಆದರೆ ಪರಿಹಾರದ ಚೆಕ್ ಹೋದದ್ದು ಭೂಮಾಲೀಕರ ಕೈಗೆ. ಪಾಲಿಗೆ ಮಾಡುತ್ತಿದ್ದವರಿಗೆ ಅನೇಕ ಕಡೆ ಅವರ ಪಾಲು ಸಿಗಲಿಲ್ಲ, ಬಿತ್ತನೆ ಕಡಿಮೆಯಾದ ಮೇಲೆ ಹೊಲವನ್ನೇ ಬಿಡಿಸಿದರು. ಇದು ನ್ಯೂ ಡೀಲ್‌ನ ಅತ್ಯಂತ ನೋವಿನ ಪುಟ. ಗಿರಣಿಗಳ ಮೇಲೆ ಹಾಕಿದ ತೆರಿಗೆಯಿಂದ ಈ ಹಣ ಹೊಂದಿಸುವ ಪದ್ಧತಿಯನ್ನು 1936ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. 1938ರ ಹೊಸ ಕಾಯ್ದೆಯಲ್ಲಿ ಸರ್ಕಾರ ಆ ತೆರಿಗೆಯನ್ನು ಕೈಬಿಟ್ಟಿತು.