ಜೋಂಬಿ ಬಂದರೆ ಯಾವ ಸೈಕಲ್ ಹತ್ತುವುದು?

ಪ್ರಶ್ನೆ: ಸರ್, ನಾನು ಬೆಂಗಳೂರಿನ ಯಶವಂತಪುರದಲ್ಲಿ ಇದ್ದೇನೆ, ಊರು ಅರಸೀಕೆರೆ ಹತ್ತಿರ. ನಗಬೇಡಿ, ಸೀರಿಯಸ್ಸಾಗಿ ಕೇಳುತ್ತಿದ್ದೇನೆ. ಸಿನಿಮಾದಲ್ಲಿ ಸತ್ತ ಮೇಲೂ ಎದ್ದು ಬಂದು ಕಚ್ಚುತ್ತವಲ್ಲ, ಆ ಜೋಂಬಿಗಳು ಬಂದವು, ಪೆಟ್ರೋಲ್ ಇಲ್ಲ, ಕರೆಂಟ್ ಇಲ್ಲ, ಬಸ್ಸು ರೈಲು ಯಾವುದೂ ಇಲ್ಲ ಅಂದುಕೊಳ್ಳಿ. ಸೈಕಲ್‌ನಲ್ಲೇ ಊರು ಸೇರಬೇಕು, ಆಮೇಲೂ ವರ್ಷಗಟ್ಟಲೆ ಅದೇ ಸೈಕಲ್ ಬಾಳಿಕೆ ಬರಬೇಕು. ರೂಮಿನಲ್ಲಿ ಒಬ್ಬ ಹಗುರವಾದ ಕಾರ್ಬನ್ ಫೈಬರ್ ಫ್ರೇಮಿನ ರೋಡ್ ಬೈಕ್ ಅಂತಾನೆ, ಇನ್ನೊಬ್ಬ ದಪ್ಪ ಟೈರಿನ ಫ್ಯಾಟ್ ಬೈಕ್ ಅಂತಾನೆ. ಬಜೆಟ್ 30 ಸಾವಿರ. ಯಾವುದು ತಗೊಳ್ಳಲಿ?

ಉತ್ತರ: ಯಾಕೆ ನಗಬೇಕು? ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಅದೇ ಸಿಡಿಸಿ, 2011ರಲ್ಲಿ ಜೋಂಬಿ ಬಂದರೆ ಮನೆಯಲ್ಲಿ ಏನೇನು ಜೋಡಿಸಿಟ್ಟಿರಬೇಕು ಅಂತ ಜನರಿಗೆ ಹೇಳಿಕೊಟ್ಟಿತ್ತು. ಜೋಂಬಿಗೆ ತಯಾರಾದವರು ಚಂಡಮಾರುತಕ್ಕೂ ತಯಾರಾಗಿರುತ್ತಾರೆ ಅನ್ನುವ ಲೆಕ್ಕ ಅವರದು. ನಮ್ಮಲ್ಲಿ 2020ರಲ್ಲಿ ಜೋಂಬಿ ಬರಲಿಲ್ಲ, ಲಾಕ್‌ಡೌನ್ ಬಂತು. ಆಗ ಬಿಹಾರದ 15 ವರ್ಷದ ಹುಡುಗಿಯೊಬ್ಬಳು ಅಪಘಾತದಲ್ಲಿ ಪೆಟ್ಟಾಗಿದ್ದ ಅಪ್ಪನನ್ನು ಹಿಂದೆ ಕೂರಿಸಿಕೊಂಡು, ಗುರುಗ್ರಾಮದಿಂದ ಸುಮಾರು 1,200 ಕಿ.ಮೀ. ದೂರದ ದರ್ಭಂಗಾ ಕಡೆಯ ತನ್ನ ಊರಿಗೆ ಸೈಕಲ್‌ನಲ್ಲಿ ಕರೆದುಕೊಂಡು ಹೋದಳು. ಅದು ಕಾರ್ಬನ್ ಸೈಕಲ್ ಅಲ್ಲ. ಇದ್ದ ದುಡ್ಡಿಗೆ ಸಿಕ್ಕಿದ ಸೈಕಲ್.

ನಿಮ್ಮ ರೂಮಿನವರಿಬ್ಬರೂ ಜೋಂಬಿ ಜೊತೆ ರೇಸ್ ಇದೆ ಅಂದುಕೊಂಡಿದ್ದಾರೆ. ಕಾಲೆಳೆದುಕೊಂಡು ಬರುವ ಜೋಂಬಿ ಗಂಟೆಗೆ ನಾಲ್ಕೈದು ಕಿ.ಮೀ. ಬಂದರೆ ಹೆಚ್ಚು. ಎಂಥ ಡಬ್ಬಾ ಸೈಕಲ್ ಆದರೂ 12 ಕಿ.ಮೀ. ಹೋಗುತ್ತದೆ. ಜೋಂಬಿ ನಿಮ್ಮನ್ನು ಹಿಡಿಯುವುದು ನೀವು ಸೈಕಲ್ ಓಡಿಸುವಾಗ ಅಲ್ಲ, ಚಕ್ರ ಬಿಚ್ಚಿಕೊಂಡು ರಸ್ತೆ ಪಕ್ಕ ಕೂತಿರುವಾಗ. ಹಾಗಾಗಿ ನಾನು ಮೊದಲು ಕೇಳುವುದು ವೇಗದ ಪ್ರಶ್ನೆ ಅಲ್ಲ. ಇದು ಕೆಟ್ಟರೆ ಸಾಮಾನು ಎಲ್ಲಿ ಸಿಗುತ್ತದೆ, ಅಷ್ಟೇ.

ಇದಕ್ಕೆ ಇತಿಹಾಸದಲ್ಲೇ ಉದಾಹರಣೆ ಇದೆ. 1941ರ ಡಿಸೆಂಬರ್‌ನಲ್ಲಿ ಜಪಾನಿ ಸೈನಿಕರು ಆಗ ಬ್ರಿಟಿಷರ ಕೈಲಿದ್ದ ಮಲಯಾಕ್ಕೆ, ಅಂದರೆ ಈಗಿನ ಮಲೇಷ್ಯಾ ಕಡೆಗೆ, ನುಗ್ಗಿದಾಗ ಸಾವಿರಾರು ಜನ ಸೈಕಲ್ ಮೇಲೆಯೇ ದಕ್ಷಿಣಕ್ಕೆ ಬಂದರು, 1942ರ ಫೆಬ್ರವರಿ 15ಕ್ಕೆ ಸಿಂಗಾಪುರ ಅವರ ಕೈ ಸೇರಿತು. ಯುದ್ಧಕ್ಕೆ ಮುಂಚೆ ಜಪಾನಿನ ಅಗ್ಗದ ಸೈಕಲ್‌ಗಳು ಮಲಯಾದಲ್ಲಿ ಬೇಕಾದಷ್ಟು ಮಾರಾಟ ಆಗಿದ್ದವು. ಅದಕ್ಕೇ ದಾರಿಯುದ್ದಕ್ಕೂ ಹಳ್ಳಿಗಳಲ್ಲಿ ಅವರ ಸೈಕಲ್‌ಗೆ ಹೊಂದುವ ಬಿಡಿಭಾಗ ಸಿಕ್ಕವು. ಟೈರ್ ಹರಿದು ರಿಪೇರಿಗೆ ಟೈಮ್ ಇಲ್ಲದಿದ್ದಾಗ ಬರೀ ರಿಮ್ ಮೇಲೆಯೇ ಓಡಿಸಿದರಂತೆ. ರಾತ್ರಿ ಹೊತ್ತು ಆ ಕಬ್ಬಿಣದ ಸದ್ದಿಗೆ ಎದುರಿನವರು ಟ್ಯಾಂಕ್ ಬಂತು ಅಂದುಕೊಂಡು ಹೆದರಿದ್ದೂ ಇದೆ. ಜೋಂಬಿ ಹೆದರುವುದಿಲ್ಲ, ಸದ್ದು ಕೇಳಿ ಹತ್ತಿರವೇ ಬರುತ್ತದೆ. ಹಾಗಾಗಿ ಆ ಐಡಿಯಾ ಬೇಡ.

ಈಗ ನಮ್ಮ ಕಡೆ ನೋಡಿ. ಕರ್ನಾಟಕದಲ್ಲಿ 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರಿ ಸೈಕಲ್ ಕೊಡಲು ಶುರು ಮಾಡಿದರು. ಲಕ್ಷಗಟ್ಟಲೆ ಸೈಕಲ್ ಊರೂರು ಸೇರಿದವು. ಎಷ್ಟೋ ಮನೆ ಹಿತ್ತಲಲ್ಲಿ, ದನದ ಕೊಟ್ಟಿಗೆ ಪಕ್ಕದಲ್ಲಿ ಅವು ತುಕ್ಕು ಹಿಡಿದು ನಿಂತಿವೆ. ನಿಮಗೆ ಅದು ಗುಜರಿ, ನನಗೆ ಗೋದಾಮು. ಚೈನು, ಪೆಡಲ್, ಬ್ರೇಕ್ ರಬ್ಬರ್, ಕಡ್ಡಿ, ಬೇರಿಂಗ್ ಬಾಲ್ಸ್, ಎಲ್ಲ ಅಲ್ಲೇ ಇವೆ.

ಕಾರ್ಬನ್ ವಿಷಯ ಬೇಗ ಮುಗಿಸುತ್ತೇನೆ. ಸೀಳು ಬಿಟ್ಟರೆ ಮುಗೀತು, ನಿಮ್ಮ ದಾರಿಯಲ್ಲಿ ಸಿಗುವ ಗುಬ್ಬಿ ಊರಿನಲ್ಲಿ ಯಾರೂ ಅದನ್ನು ಕೂಡಿಸಿಕೊಡುವುದಿಲ್ಲ. 30 ಸಾವಿರಕ್ಕೆ ಹೊಸದಂತೂ ಬರುವುದೇ ಇಲ್ಲ. ಅಲ್ಯೂಮಿನಿಯಂ ಫ್ರೇಮ್ ಹಗುರ, ಆದರೆ ಮುರಿದರೆ ಬೆಸುಗೆಗೆ ವಿಶೇಷ ಮೆಷಿನ್ ಬೇಕು, ಅದಕ್ಕೆ ಕರೆಂಟ್ ಬೇಕು. ಕಬ್ಬಿಣದ ಫ್ರೇಮನ್ನು ಗ್ಯಾಸ್ ವೆಲ್ಡಿಂಗ್ ಗೊತ್ತಿರುವ ಯಾರಾದರೂ ಹಿತ್ತಾಳೆ ಕಡ್ಡಿ ಇಟ್ಟು ಕೂಡಿಸಿಬಿಡುತ್ತಾರೆ. ಫ್ಯಾಟ್ ಬೈಕ್ ಮರಳಿಗೆ, ಹಿಮಕ್ಕೆ ಮಾಡಿದ್ದು. ನಾಲ್ಕು ಇಂಚಿನ ಟೈರು ಒಮ್ಮೆ ಹರಿದರೆ ಅರಸೀಕೆರೆ ತಾಲೂಕಿನಲ್ಲಿ ಇನ್ನೊಂದು ಎಲ್ಲಿಂದ ತರುತ್ತೀರಿ?

ಗೇರು? ಇಲ್ಲಿ ನನ್ನದೇ ಕಥೆ ಹೇಳಬೇಕು. ಒಂದ್ಸಲ ಚಿತ್ರದುರ್ಗದಿಂದ ಹಿರಿಯೂರಿಗೆ ಬರುತ್ತಿದ್ದೆ, 21 ಗೇರಿನ ಸೈಕಲ್. ಬಳ್ಳಾರಿ ಜಾಲಿಯ ಕಡ್ಡಿಯೊಂದು ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡು ಡಿರೇಲರ್ ಹ್ಯಾಂಗರ್ ಪಟ್ಟನೆ ಮುರಿಯಿತು. ಗೇರು ಬದಲಿಸುವ ಡಿರೇಲರನ್ನು ಫ್ರೇಮಿಗೆ ನೇತುಹಾಕುವ ಬೆರಳುದ್ದದ ಅಲ್ಯೂಮಿನಿಯಂ ತುಂಡು ಅದು, ಆದರೆ ಒಂದೊಂದು ಮಾಡಲ್‌ಗೆ ಒಂದೊಂದು ಆಕಾರ. ಹಿರಿಯೂರು ಬಿಡಿ, ಬೆಂಗಳೂರಿನಲ್ಲಿ ಹುಡುಕಿದರೂ ನನ್ನ ಸೈಕಲ್‌ಗೆ ಹೊಂದುವುದು ಸಿಗಲಿಲ್ಲ, ತರಿಸಿಕೊಳ್ಳಲು ಮೂರು ವಾರ ಹಿಡಿಯಿತು. ಪುಣ್ಯಕ್ಕೆ ಅವತ್ತು ಬ್ಯಾಗಿನಲ್ಲಿ ಚೈನ್ ಕಟ್ಟರ್ ಇತ್ತು. ಚೈನ್ ಗಿಡ್ಡ ಮಾಡಿ, ಮಧ್ಯದ ಒಂದು ಹಲ್ಲುಚಕ್ರಕ್ಕೆ ಹಾಕಿ, ಗೇರಿಲ್ಲದ ಸೈಕಲ್ ಮಾಡಿಕೊಂಡು ಊರು ಸೇರಿದೆ.

ಹಾಗಾಗಿ ನಿಮ್ಮ ದಾರಿಗೆ ನಾನು ಹೇಳುವುದು ಗೇರಿಲ್ಲದ, ಮುಂದೆ ಸಸ್ಪೆನ್ಷನ್ ಇಲ್ಲದ, 26 ಇಂಚಿನ ಕಬ್ಬಿಣದ ಎಂಟಿಬಿ, ಅಂದರೆ ಮೌಂಟನ್ ಬೈಕ್. ಹಳ್ಳಿ ಕಡೆ ಇನ್ನೂ ರೇಂಜರ್ ಸೈಕಲ್ ಅನ್ನುತ್ತಾರಲ್ಲ, ಅದೇ. ಹೊಸದೇ ಹತ್ತು ಸಾವಿರದೊಳಗೆ ಬರುತ್ತದೆ. ಬೆಂಗಳೂರಿಂದ ಅರಸೀಕೆರೆಗೆ ತುಮಕೂರು, ಗುಬ್ಬಿ, ತಿಪಟೂರು ಮೇಲೆ ಸುಮಾರು 170 ಕಿ.ಮೀ. ತುಮಕೂರಿಂದ ಮುಂದೆ ಹಳೇ ಬಿ.ಎಚ್. ರೋಡ್, ಅಂದರೆ ಬೆಂಗಳೂರು-ಹೊನ್ನಾವರ ರಸ್ತೆ. ಏರಿಳಿತ ಇದೆ, ಘಾಟಿ ಅನ್ನುವಂಥದ್ದು ಇಲ್ಲ, ಗೇರಿಲ್ಲದೆ ಆಗುತ್ತದೆ. ಲಗೇಜ್ ಸಮೇತ ಎರಡು ದಿನ ಇಟ್ಟುಕೊಳ್ಳಿ. ನೆಲಮಂಗಲದವರೆಗೆ ನಿಂತ ಕಾರು, ಲಾರಿಗಳೇ ತುಂಬಿರುತ್ತವೆ, ಅಲ್ಲಲ್ಲಿ ಸೈಕಲನ್ನು ಹೆಗಲಿಗೆ ಹಾಕಿಕೊಂಡೇ ದಾಟಬೇಕು. ಅದನ್ನು ನೆನಪಿಟ್ಟುಕೊಂಡು ಸಾಮಾನು ಕಟ್ಟಿ. ತಿಪಟೂರು ಸೀಮೆ ತಲುಪಿದರೆ ಊಟದ ಚಿಂತೆ ಸ್ವಲ್ಪ ಕಮ್ಮಿ, ಎಲ್ಲಿ ನೋಡಿದರೂ ತೆಂಗಿನ ತೋಟ, ಅಲ್ವಾ?

ತಾತನ ಕಾಲದ ಕರಿ ಸೈಕಲ್ ಅಟ್ಟದಲ್ಲಿ ಇದ್ದರೆ ಅದೂ ನಡೆಯುತ್ತದೆ. ಇಪ್ಪತ್ತು ಕೆ.ಜಿ. ಮೇಲೇ ತೂಗುತ್ತದೆ ನಿಜ, ಆದರೆ ಎರಡೆರಡು ತುಂಬಿದ ಗ್ಯಾಸ್ ಸಿಲಿಂಡರ್ ನೇತುಹಾಕಿಕೊಂಡು, ಎಳನೀರು ಗೊನೆ ಕಟ್ಟಿಕೊಂಡು ಓಡಾಡಿದ ಸೈಕಲ್ ಅದು. ಅಂಥ ಸೈಕಲ್ ಮಾಡುತ್ತಿದ್ದ ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿತು. ಆದರೂ ಆ ಮಾದರಿಯ ಸೈಕಲ್‌ಗೆ ಬೇರೆ ಕಂಪನಿಗಳ ಸಾಮಾನೇ ಹೊಂದುತ್ತದೆ. ಒಂದ್ಸಲ ಪೂರ್ತಿ ಓವರಾಯ್ಲಿಂಗ್ ಮಾಡಿಸಿ, ಪೆಡಲ್ ಕಾಲನ್ನು ಆಕ್ಸಲ್‌ಗೆ ಬಿಗಿಯುವ ಕಾಟರ್ ಪಿನ್ ಹೊಸದು ಹಾಕಿಸಿ.

ಟೈರ್ ಸೈಜಿನಲ್ಲಿ ಒಂದು ಮೋಸ ಇದೆ, ಇದನ್ನು ಮಾತ್ರ ಮರೆಯಬೇಡಿ. 26 ಅಂತ ಬರೆದ ಟೈರೆಲ್ಲ ಒಂದೇ ಅಲ್ಲ. 26x1.95 ಅನ್ನುವ ಎಂಟಿಬಿ ಟೈರಿನ ರಿಮ್ 559 ಮಿ.ಮೀ., 26x1⅜ ಅನ್ನುವ ತೆಳು ಟೈರಿನದು 590. ಒಂದು ಇನ್ನೊಂದಕ್ಕೆ ಕೂರುವುದೇ ಇಲ್ಲ. ಕರಿ ಸೈಕಲ್ಲಿನ 28x1½ ಟೈರಿಗೆ 635. ಟೈರಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಈ ನಂಬರ್ ಇರುತ್ತದೆ, ಅದನ್ನು ನೋಡಿ. ಸೈಕಲ್ ಕೊಳ್ಳುವ ಮುಂಚೆ ಊರಿಗೆ ಹೋದಾಗ ಅರಸೀಕೆರೆಯ ಸೈಕಲ್ ಶಾಪ್‌ಗಳಲ್ಲಿ ಯಾವ ಸೈಜಿನ ಟೈರ್ ಜಾಸ್ತಿ ನೇತಾಡುತ್ತಿವೆ ಅಂತ ಎಣಿಸಿ ಬನ್ನಿ. ನನ್ನ ಮಾತಿಗಿಂತ ಆ ಲೆಕ್ಕವೇ ಮೇಲು.

ಟ್ಯೂಬ್‌ಲೆಸ್ ಬೇಡ, ತೂತು ಮುಚ್ಚಲು ಒಳಗೆ ಹಾಕುವ ಸೀಲೆಂಟ್ ದ್ರವ ಕೆಲವು ತಿಂಗಳಿಗೆ ಒಣಗುತ್ತದೆ. ವಾಲ್ವ್ ಬೈಕು-ಕಾರಿಗೆ ಇರುವಂಥದ್ದೇ ಇರಲಿ, ಅದಕ್ಕಾಗುವ ಪಂಪು ಎಲ್ಲಾದರೂ ಸಿಗುತ್ತದೆ. ಉಳಿದ ದುಡ್ಡಲ್ಲಿ ಎರಡು ಹೊರ ಟೈರು, ನಾಲ್ಕು ಟ್ಯೂಬು, ಒಳ್ಳೆ ಪಂಪು, ಚೈನ್ ಕಟ್ಟರ್, ಪಾನಾ ಸೆಟ್ಟು, ಬ್ರೇಕ್ ರಬ್ಬರ್ ಮತ್ತು ವೈರು ತಗೊಳ್ಳಿ. ಪಂಕ್ಚರ್ ಸೊಲ್ಯೂಷನ್ ಸಣ್ಣ ಸಣ್ಣ ಟ್ಯೂಬೇ ನಾಲ್ಕೈದು ತಗೊಳ್ಳಿ. ದೊಡ್ಡ ಡಬ್ಬ ಒಮ್ಮೆ ತೆಗೆದರೆ ಒಣಗಿ ಹೋಗುತ್ತದೆ. ಅದೂ ಮುಗಿದ ಮೇಲೆ ಏನು ಅಂದರೆ, ಟ್ಯೂಬಿನ ತೂತಿರುವ ಜಾಗವನ್ನು ಬಿಗಿಯಾಗಿ ಗಂಟು ಹಾಕಿ ಗಾಳಿ ಹೊಡೆಯಿರಿ, ಇಲ್ಲವೇ ಟೈರೊಳಗೆ ಹುಲ್ಲು ತುರುಕಿ. ಸವಾರಿ ಕುಲುಕುತ್ತದೆ, ಆದರೆ ಊರು ಬರುತ್ತದೆ. ಚೈನಿಗೆ ಎಣ್ಣೆ ಬೇಕಾದರೆ ಕೆಟ್ಟು ನಿಂತ ಯಾವ ಗಾಡಿಯ ಎಂಜಿನ್ನಿಂದಾದರೂ ಇಳಿಸಿಕೊಳ್ಳಿ. ಅದೂ ಇಲ್ಲದ ಕಾಲಕ್ಕೆ ಹರಳೆಣ್ಣೆ ಇದೆ, ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕುತ್ತಿದ್ದವರ ಮೊಮ್ಮಕ್ಕಳಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಪ್ರಶ್ನೆ: ಸೋಲಾರ್ ಪ್ಯಾನೆಲ್ ಜೊತೆ ಇ-ಸೈಕಲ್ ಇಟ್ಟುಕೊಂಡರೆ ಆಗಲ್ವಾ?

ಉತ್ತರ: ಬ್ಯಾಟರಿ ಚೆನ್ನಾಗಿರುವವರೆಗೆ ಆಗುತ್ತದೆ. ಅದು ಕೈಕೊಟ್ಟ ದಿನ ಸತ್ತ ಮೋಟರನ್ನೂ ಸೇರಿಸಿ ಇಪ್ಪತ್ತು ಕೆ.ಜಿ. ಮೇಲಿನ ಸೈಕಲ್ ತುಳಿಯುತ್ತೀರಿ. ಪ್ಯಾನೆಲ್ ಇದ್ದರೆ ಟಾರ್ಚಿಗೆ, ರೇಡಿಯೋಗೆ ಇಟ್ಟುಕೊಳ್ಳಿ.

ಪ್ರಶ್ನೆ: ಸರ್, ನಮ್ಮದು ಸಾಗರ. ಆರು ವರ್ಷದ ಮಗಳು, ವಯಸ್ಸಾದ ಅತ್ತೆ ಇದ್ದಾರೆ. ಅತ್ತೆಗೆ ಸೈಕಲ್ ಬರಲ್ಲ. ನೀವು ಹೇಳುವ ಗೇರಿಲ್ಲದ ಸೈಕಲ್ ನಮ್ಮ ಏರಿನಲ್ಲಿ ನಡೆಯುತ್ತದಾ?

ಉತ್ತರ: ಇಲ್ಲ ಮೇಡಂ, ನಡೆಯಲ್ಲ. ನಿಮ್ಮದು ಮಲೆನಾಡು, ಹಿಂದೆ ಆರೇಳು ಗೇರು ಇರಲೇಬೇಕು. ನಿಂತಲ್ಲಿಂದ ಹೊರಡುವ ಮೊದಲ ಹತ್ತು ಮಾರು ಯಾವ ಸೈಕಲ್ಲಾದರೂ ನಿಧಾನವೇ. ಹಿಂದೆ ಜನ ಕೂತಿದ್ದು, ಮುಂದೆ ಏರು ಇದ್ದರೆ ಗೇರಿಲ್ಲದ ಸೈಕಲ್ ಅಲ್ಲಾಡುವುದೂ ಇಲ್ಲ. ಹಾಗಾಗಿ ನನ್ನ ಹ್ಯಾಂಗರ್ ಕಥೆ ಓದಿದಿರಲ್ಲ, ನಿಮ್ಮ ಮಾಡಲ್‌ಗೆ ಹೊಂದುವ ಹ್ಯಾಂಗರ್ ಎರಡು ಈಗಲೇ ತಂದು ಸೀಟಿನ ಕೆಳಗೆ ಕಟ್ಟಿಕೊಳ್ಳಿ. ಹತ್ತಿ ಇಳಿಯಲು ಸುಲಭವಾಗುವಂತೆ ನಡುವೆ ಅಡ್ಡ ಬಾರ್ ಇಲ್ಲದ ಫ್ರೇಮ್ ಇರಲಿ.

ಮಳೆಗಾಲದ ವಿಷಯ ಇನ್ನೂ ಮುಖ್ಯ. ಹಳೇ ಸೈಕಲ್ಲಿನ ಸರಳಿನ ಬ್ರೇಕು ಒದ್ದೆಯಾದ ಸ್ಟೀಲ್ ರಿಮ್ ಮೇಲೆ ಹಿಡಿಯುವುದೇ ಇಲ್ಲ, ಹಿಡಿದ ಹಾಗೆ ನಾಟಕ ಮಾಡುತ್ತದೆ. ಅಲ್ಯೂಮಿನಿಯಂ ರಿಮ್ ಜೊತೆ ಎರಡೂ ಕಡೆಯಿಂದ ರಿಮ್ ಒತ್ತುವ ವಿ-ಬ್ರೇಕು ಅಥವಾ ವೈರಿನ ಡಿಸ್ಕ್ ಬ್ರೇಕು ನೋಡಿ. ಆಯಿಲ್ ತುಂಬಿದ ಹೈಡ್ರಾಲಿಕ್ ಡಿಸ್ಕ್ ತುಂಬಾ ಚೆನ್ನಾಗಿ ಹಿಡಿಯುತ್ತದೆ, ಆದರೆ ಲೀಕ್ ಆದರೆ ಸಾಗರದಲ್ಲಿ ಕೂತು ಏನು ಮಾಡುತ್ತೀರಿ?

ಅತ್ತೆಯವರನ್ನು ಗಟ್ಟಿ ಕ್ಯಾರಿಯರ್ ಮೇಲೆ ದಿಂಬು ಕಟ್ಟಿ ಕೂರಿಸಿ, ಕಾಲಿಡಲು ಹಿಂದಿನ ಆಕ್ಸಲ್‌ಗೆ ಮೆಟ್ಟು ಹಾಕಿಸಿ, ಸೀರೆ ಸೆರಗು ಕಡ್ಡಿಗೆ ಸಿಗದಂತೆ ಜಾಲರಿ ಹಾಕಿಸಿ. ಈ ಜಾಲರಿ ಜೋಂಬಿ ಬರದಿದ್ದರೂ ಬೇಕು. ಏರು ಬಂದರೆ ಎಲ್ಲರೂ ಇಳಿದು ತಳ್ಳಿ, ಅದರಲ್ಲಿ ನಾಚಿಕೆ ಏನಿಲ್ಲ. 1954ರಲ್ಲಿ ಫ್ರೆಂಚರ ವಿರುದ್ಧದ ಯುದ್ಧದಲ್ಲಿ ವಿಯೆಟ್ನಾಂನವರು ಡಿಯೆನ್ ಬಿಯೆನ್ ಫುಗೆ ಅಕ್ಕಿ, ಮದ್ದುಗುಂಡು ಸಾಗಿಸಿದ್ದು ಹೀಗೆಯೇ. ಹ್ಯಾಂಡಲ್‌ಗೆ ಒಂದು ಬಿದಿರು ಗಳ ಕಟ್ಟಿ ಉದ್ದ ಮಾಡಿಕೊಂಡು, ಸೀಟಿನ ಹತ್ತಿರ ಇನ್ನೊಂದು ಗಳ ನಿಲ್ಲಿಸಿ, ಪಕ್ಕದಲ್ಲಿ ನಡೆಯುತ್ತಾ ಒಂದೊಂದು ಸೈಕಲ್ ಮೇಲೆ 200 ಕೆ.ಜಿ. ತಳ್ಳಿದರು. ನಿಮ್ಮ ಕಡೆ ಬಿದಿರಿಗೇನು ಬರವೇ.

ಪ್ರಶ್ನೆ: ಸದ್ದು ಕೇಳಿ ಬರುತ್ತವೆ ಅಂದಮೇಲೆ ಬೆಲ್ ಬಿಚ್ಚಬೇಕಾ?

ಉತ್ತರ: ಬೆಲ್ ನೀವು ಒತ್ತಿದರೆ ತಾನೇ ಹೊಡೆಯುವುದು? ಸದ್ದು ಮಾಡುವುದು ಬೇರೆ. ಪೆಡಲ್ ನಿಲ್ಲಿಸಿದಾಗ ಹಿಂದಿನ ಫ್ರೀವೀಲ್ ಟಿಕಟಿಕ ಅನ್ನುತ್ತದಲ್ಲ, ನಿಶ್ಶಬ್ದ ರಸ್ತೆಯಲ್ಲಿ ಅದು ದೂರಕ್ಕೆ ಕೇಳುತ್ತದೆ. ಬಿಚ್ಚಿ ಒಳಗೆ ಗ್ರೀಸ್ ತುಂಬಿಸಿದರೆ ತುಂಬಾ ಕಡಿಮೆ ಆಗುತ್ತದೆ. ಆದರೆ ಅತಿ ದಪ್ಪ ಗ್ರೀಸ್ ಬೇಡ, ಒಳಗಿನ ಹಲ್ಲು ಅಂಟಿಕೊಂಡರೆ ಪೆಡಲ್ ಸುಮ್ನೆ ತಿರುಗುತ್ತದೆ. ಜೋಂಬಿ ಹತ್ತಿರ ಹಾದು ಹೋಗುವಾಗ ಕಾಲು ನಿಲ್ಲಿಸದೆ ತುಳಿಯುತ್ತಲೇ ಇರಿ. ಚೈನ್ ಕವರ್ ಕಟಕಟ ಅನ್ನುತ್ತಿದ್ದರೆ ಹಳೇ ಟ್ಯೂಬಿನ ತುಂಡು ಕತ್ತರಿಸಿ ಸಂದಿಗೆ ಇಟ್ಟು ಬಿಗಿ ಮಾಡಿ. ಬೆಲ್ ಹಾಗೇ ಇರಲಿ. ತಿರುವಿನಲ್ಲಿ ಎದುರಿಂದ ಇನ್ನೊಬ್ಬ ಸೈಕಲ್‌ನವನು ಬರುತ್ತಿರಬಹುದು.